ಸಂಬಳ ಅಷ್ಟೇ ಇದ್ದರೂ ತಕರಾರು ಏಕೆ?

ಪ್ರಶ್ನೆ: ಯಾರನ್ನೂ ತೆಗೆಯುವುದಿಲ್ಲ, ಸಂಬಳವನ್ನೂ ಕಡಿಮೆ ಮಾಡುವುದಿಲ್ಲ ಎಂದರೂ ಕಂಪನಿ ಹೊಸ ಪದ್ಧತಿ ತಂದ ಕೂಡಲೇ ನೌಕರರು ವಿರೋಧಿಸುವುದೇಕೆ? ಇದು ಬರೀ ಸೋಮಾರಿತನವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸಂಬಳದ ಭರವಸೆಯೊಂದೇ ಸಾಲದು ಎನ್ನುವುದಕ್ಕೆ ಅಮೆರಿಕದ ವರ್ಜೀನಿಯಾದಲ್ಲಿದ್ದ ಹಾರ್ವುಡ್ ಪೈಜಾಮ ಕಾರ್ಖಾನೆಯ ಪ್ರಯೋಗ ಸಾಕ್ಷಿ. ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ 1948ರಲ್ಲಿ ಅದರ ವಿವರ ಪ್ರಕಟಿಸಿದರು.

ಅಲ್ಲಿ ಕೂಲಿ ಪೀಸ್ ಲೆಕ್ಕದ್ದು. ಗಂಟೆಗೆ 60 ಯೂನಿಟ್ ತೆಗೆದರೆ ಕೈ ಪಳಗಿದೆ ಎಂದರ್ಥ. ಕೆಲಸ ಬದಲಾದವರಿಗೆ, ಹೊಸದನ್ನು ಕಲಿಯುವಷ್ಟು ಕಾಲ ಆದಾಯ ಕುಸಿಯದಿರಲೆಂದು ಭತ್ಯೆಯೂ ಇತ್ತು. ಇಸ್ತ್ರಿ ಮಾಡುವವರ ಒಂದು ಗುಂಪಿಗೆ ಬಂದ ಬದಲಾವಣೆಯಾದರೂ ಎಂಥದ್ದು? ಅರ್ಧ ಡಜನ್ ಬಟ್ಟೆಯನ್ನು ರಟ್ಟಿನ ಮೇಲೆ ಪೇರಿಸುತ್ತಿದ್ದವರು ಇನ್ನು ಡಬ್ಬಿಯೊಳಗೆ ಪೇರಿಸಬೇಕು, ಅಷ್ಟೆ. ಮೇಲಿನವರು ಸಭೆ ಕರೆದು ಕಾರಣ ತಿಳಿಸಿದರು, ಹೊಸ ದರ ಹೇಳಿದರು, ಪ್ರಶ್ನೆಗಳಿಗೆ ಉತ್ತರವನ್ನೂ ಕೊಟ್ಟರು. ಆದರೂ ಉತ್ಪಾದನೆ 50ರ ಆಸುಪಾಸಿನಲ್ಲೇ ನಿಂತುಬಿಟ್ಟಿತು. 40 ದಿನದೊಳಗೆ ಶೇ. 17ರಷ್ಟು ಮಂದಿ ಕೆಲಸ ಬಿಟ್ಟರು.

ಇನ್ನೆರಡು ಗುಂಪುಗಳಲ್ಲಿ, ಖರ್ಚು ತಗ್ಗಿಸಬೇಕಾದ ಅಗತ್ಯವನ್ನು ಮುಂದಿಟ್ಟು, ಯಾವ ಕೆಲಸ ಕೈಬಿಡಬಹುದು, ದರ ಹೇಗೆ ಗೊತ್ತುಮಾಡಬೇಕು ಎಂಬುದರಲ್ಲಿ ಎಲ್ಲರನ್ನೂ ಸೇರಿಸಿಕೊಂಡರು. ಅವರು ಬೇಗನೆ ಹಳೆಯ ವೇಗಕ್ಕೆ ಮರಳಿ, ಅದನ್ನೂ ದಾಟಿದರು. ಸ್ವಾರಸ್ಯ ಇರುವುದು ಮುಂದೆ. ಮೊದಲ ಗುಂಪಿನಲ್ಲಿ ಉಳಿದಿದ್ದ 13 ಜನರನ್ನು ಎರಡೂವರೆ ತಿಂಗಳ ನಂತರ ಇದೇ ಕ್ರಮದಲ್ಲಿ ಬೇರೊಂದು ಕೆಲಸಕ್ಕೆ ಹಾಕಿದಾಗ ಅವರೂ ಹಾಗೆಯೇ ಚೇತರಿಸಿಕೊಂಡರು. ಜನ ಅವರೇ ಆದ್ದರಿಂದ ಸೋಮಾರಿತನದ ಮಾತು ಇಲ್ಲಿ ನಿಲ್ಲುವುದಿಲ್ಲ.

ಹೊಸ ಪದ್ಧತಿ ಬಂದ ದಿನ ಪಳಗಿದವರೂ ಮತ್ತೆ ಕಲಿಯುವವರಾಗಿಬಿಡುತ್ತಾರೆ. ನಮ್ಮ ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದಾಗ, ಖಾತೆದಾರರ ಮುಖ ಕಂಡೊಡನೆ ಲೆಡ್ಜರ್ ಪುಟ ತೆಗೆಯುತ್ತಿದ್ದ ಗುಮಾಸ್ತರು ಕೀಲಿಮಣೆಯಲ್ಲಿ ಅಕ್ಷರ ಹುಡುಕುತ್ತ ಕಿರಿಯರನ್ನು ಕೇಳಬೇಕಾಯಿತು. ಸಂಬಳಕ್ಕೆ ಧಕ್ಕೆಯಾಗದಿದ್ದರೂ ಹಿರಿತನಕ್ಕೆ ಆಗಿರುತ್ತದೆ.

ಹಾಗೆಂದು ನೆಪಕ್ಕೆ ಅಭಿಪ್ರಾಯ ಕೇಳಿದರೂ ಪ್ರಯೋಜನವಿಲ್ಲ. ಫ್ರೆಂಚ್ ಅವರೇ ಸಂಗಡಿಗರೊಂದಿಗೆ ನಾರ್ವೆಯ ಪಾದರಕ್ಷೆ ಕಾರ್ಖಾನೆಯಲ್ಲಿ ಇಂಥದೇ ಪ್ರಯೋಗ ನಡೆಸಿ 1960ರಲ್ಲಿ ಪ್ರಕಟಿಸಿದಾಗ, ಉತ್ಪಾದನೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಾರ್ಮಿಕರಿಗೆ ಅಲ್ಲಿ ಬಿಟ್ಟುಕೊಟ್ಟ ತೀರ್ಮಾನಗಳು ಅಷ್ಟೇನೂ ಮುಖ್ಯವಾದವಲ್ಲ. ಇಂಥ ಮಾತುಕತೆ ಸಂಘದ ಮೂಲಕವೇ ಆಗಬೇಕೆಂಬ ಭಾವನೆಯೂ ಅವರಲ್ಲಿತ್ತು. ನಿಮ್ಮ ಕಂಪನಿ ನೌಕರರನ್ನು ಕೇಳುವುದಾದರೆ, ದರ, ಪಾಳಿ, ತರಬೇತಿಯ ಅವಧಿ ಇವೆಲ್ಲ ಇನ್ನೂ ತಿದ್ದಲು ಬರುವ ಹೊತ್ತಿನಲ್ಲೇ ಕೇಳಲಿ. ಆದೇಶಕ್ಕೆ ಸಹಿ ಬಿದ್ದ ಮೇಲೆ ಕರೆಯುವ ಸಭೆ ಶಾಸ್ತ್ರಕ್ಕೆ ಮಾತ್ರ ಎಂಬುದು ಅಲ್ಲಿ ಕೂತವರಿಗೆಲ್ಲ ಗೊತ್ತಿರುತ್ತದೆ.