ಆ್ಯಪಿಗೆ ಕಾಸು ಎಲ್ಲಿಂದ ಬರುತ್ತದೆ?

ಸಿಂಗಸಂದ್ರದಲ್ಲಿರುವ ಚಿರಂಜೀವಿ ಸೋದರಳಿಯನಿಗೆ, ಮಾವನ ಆಶೀರ್ವಾದಗಳು.

ದುಡ್ಡು ಹೂಡಲು ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿದ್ದೀಯ. ಹಳದಿ ಮಾರ್ಗದ ಮೆಟ್ರೊದಲ್ಲಿ ನಿನ್ನ ಜೊತೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಗೆಳೆಯರಿಗೂ ಇದೇ ಯೋಚನೆಯಂತೆ. ಅವರಿಗೂ ಈ ಕಾಗದ ತೋರಿಸು.

ಮೊದಲು ಯಾವ ದುಡ್ಡು ಯಾವಾಗ ಬೇಕೆಂದು ಬರೆದುಕೋ. ಬರುವ ವರ್ಷದ ಮನೆ ಅಡ್ವಾನ್ಸಿಗೆ, ತಂಗಿಯ ಮದುವೆಗೆ ಬ್ಯಾಂಕಿನ ಆರ್‌ಡಿ ಸಾಕು, ಆ್ಯಪ್ ಬೇಡ. ಹತ್ತು ಹದಿನೈದು ವರ್ಷ ಮುಟ್ಟದ ಹಣಕ್ಕಷ್ಟೇ ಮ್ಯೂಚುವಲ್ ಫಂಡಿನ ಎಸ್‌ಐಪಿ.

ಅದರಲ್ಲೂ ಡೈರೆಕ್ಟ್ ಪ್ಲಾನ್ ಹಿಡಿ. 2013ರಿಂದ ಜಾರಿಯಲ್ಲಿರುವ ಇದರಲ್ಲಿ ಏಜೆಂಟರ ಕಮಿಷನ್ ಇಲ್ಲ. ತಿಂಗಳಿಗೆ 10,000 ರೂಪಾಯಿಯಂತೆ 20 ವರ್ಷ ಕಟ್ಟಿದೆ ಅಂದುಕೋ. ವರ್ಷಕ್ಕೆ ಶೇ 12ರಂತೆ ಬೆಳೆದರೆ ಸುಮಾರು ಒಂದು ಕೋಟಿ. ಕಮಿಷನ್ನಿಗೆ ಒಂದು ಪರ್ಸೆಂಟ್ ಹೋಗಿ ಶೇ 11 ಆದರೆ ಸುಮಾರು 87 ಲಕ್ಷ. ಇಷ್ಟೇ ಬರುತ್ತದೆ ಎಂದು ಯಾರೂ ಬರೆದುಕೊಡಲಾರರು. ಆದರೆ ಆ ಒಂದು ಪರ್ಸೆಂಟಿನ ಬೆಲೆ ತಿಳಿಯಲಿ.

ಬೆಂಗಳೂರಿನವೇ ಆದ ಜೆರೋಧಾ, ಗ್ರೋ ಎರಡರಲ್ಲೂ ಡೈರೆಕ್ಟ್ ಪ್ಲಾನ್ ಸಿಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ನಿನ್ನ ಡೈರೆಕ್ಟ್ ಎಸ್‌ಐಪಿಯಿಂದ ಇಂಥ ಆ್ಯಪುಗಳಿಗೆ ಕಮಿಷನ್ ಹುಟ್ಟುವುದಿಲ್ಲ. ನೀನು ದಿನವೂ ಷೇರು ಕೊಂಡು ಮಾರಿದರೆ ಬ್ರೋಕರೇಜ್ ಹುಟ್ಟುತ್ತದೆ. ಹಾಗಾಗಿ ಎಸ್‌ಐಪಿ ಕಟ್ಟುವ ಫೋನಿನಲ್ಲೇ ಎಫ್ ಆ್ಯಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಕೂಡ ಕೈಬೀಸಿ ಕರೆಯುತ್ತದೆ. 2021–22ರಿಂದ ಮೂರು ವರ್ಷ ಆ ಆಟ ಆಡಿದ ಬಿಡಿ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಷೇರುಪೇಟೆಯ ನಿಯಂತ್ರಕ ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ. ಖಾತೆ ತೆರೆಯುವಾಗ ಆ ವಿಭಾಗಕ್ಕೆ ಒಪ್ಪಿಗೆ ಕೊಡಬೇಡ. ನೋಟಿಫಿಕೇಶನ್ ಆಫ್ ಮಾಡಿಬಿಡು.

ಆ್ಯಪ್ ನಡೆಸುವ ಕಂಪನಿಯ ನೋಂದಣಿಯನ್ನು ಸೆಬಿ ಜಾಲತಾಣದಲ್ಲಿ ತಾಳೆ ನೋಡು. ವಾಟ್ಸ್ಯಾಪ್ ಗುಂಪಿನಲ್ಲಿ ಬಂದ ಲಿಂಕಿನಿಂದ ಯಾವ ಆ್ಯಪನ್ನೂ ಇಳಿಸಿಕೊಳ್ಳಬೇಡ. ಮೋಸವಾದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡು. ನಾಳೆ ಆ್ಯಪೇ ಮುಚ್ಚಿದರೆ ಎಂಬ ಭಯ ಬೇಡ: ಯೂನಿಟ್ಟುಗಳು ನಿನ್ನ ಹೆಸರಿನಲ್ಲಿ ಫಂಡ್ ಸಂಸ್ಥೆಯ ಲೆಕ್ಕದಲ್ಲೋ ಡಿಮ್ಯಾಟ್ ಖಾತೆಯಲ್ಲೋ ಇರುತ್ತವೆ. ನಾಮಿನಿಯಾಗಿ ಅಮ್ಮನ ಹೆಸರು ಸೇರಿಸು.

ಸಂಬಳ ಬಂದ ಮರುದಿನವೇ ಕಂತು ಹೋಗುವಂತೆ ಮಾಡು; ಸಂಬಳ ಏರಿದಾಗ ಕಂತನ್ನೂ ಏರಿಸು. ಮತ್ತೆ ಯುಗಾದಿಗೊಮ್ಮೆ ತೆರೆದು ನೋಡಿದರೆ ಸಾಕು. ಅಷ್ಟು ದಿನ ನಿನ್ನನ್ನು ಸುಮ್ಮನೆ ಬಿಡುವ ಆ್ಯಪ್ ಯಾವುದೋ, ಅದನ್ನೇ ಇಟ್ಟುಕೋ.

ಇತಿ,
ನಿನ್ನ ಮಾವ