ಗಡ್ಡ ಅಂಟಿಸಿಕೊಂಡು ಸಭೆಗೆ ಹೋದವರು

ಪ್ರಶ್ನೆ: ಹಳೆಯ ಗ್ರೀಕ್ ಹಾಸ್ಯನಾಟಕಗಳಲ್ಲಿ ಹೆಂಗಸರು ರಾಜ್ಯವನ್ನೇ ಕೈಗೆ ತಗೊಳ್ಳುತ್ತಾರೆ ಎಂದು ಓದಿದೆ. ಅಲ್ಲಿಯ ಹೆಂಗಸರಿಗೆ ಅಷ್ಟು ಅಧಿಕಾರ ಇತ್ತೇ? ನಮ್ಮ ಸಣ್ಣಾಟಗಳಲ್ಲಿ ಅಂಥದ್ದೇನಾದರೂ ಇದೆಯೇ?
— ಓದುಗರೊಬ್ಬರು, ಮುಗದ

ಉತ್ತರ: ಇರಲಿಲ್ಲ. ಅಥೆನ್ಸಿನ ಸಭೆಯಲ್ಲಿ ಹೆಣ್ಣಿಗೆ ಮಾತೂ ಇಲ್ಲ, ಮತವೂ ಇಲ್ಲ. ದೇವಿಯ ಪೂಜಾರಿಣಿಯಾದವಳಿಗೆ ಮಾತ್ರ ಊರಲ್ಲಿ ಒಂದು ಸ್ಥಾನ. ಹೆಂಗಸರು ರಾಜ್ಯ ಆಳುವುದು ಎಂದೂ ಆಗದ ಮಾತು ಎಂದೇ ಜನ ನಕ್ಕರು. ಈ ನಾಟಕಗಳನ್ನು ಬರೆದು, ಹೆಂಗಸರನ್ನು ಕುಡುಕಿಯರೆಂದು ಆಡಿಕೊಂಡ ಅರಿಸ್ಟೋಫನೀಸನನ್ನು ಸ್ತ್ರೀಪರ ಎಂದು ಕರೆಯಲು ನನಗೆ ಮನಸ್ಸು ಒಪ್ಪದು.

ಆದರೂ ಕ್ರಿ.ಪೂ. 411ರ ಅವನ ‘ಲೈಸಿಸ್ಟ್ರಾಟಾ’ ನಾಟಕ ಬರೀ ನಗೆಯಲ್ಲ. ಅದಕ್ಕೆ ಎರಡು ವರ್ಷ ಮೊದಲು ಸಿಸಿಲಿಯಲ್ಲಿ ಅಥೆನ್ಸಿನ ದಂಡು, ಹಡಗು ಎಲ್ಲ ನಾಶವಾಗಿದ್ದವು. ಯುದ್ಧ ನಿಲ್ಲುವ ತನಕ ಗಂಡಂದಿರ ಜೊತೆ ಮಲಗುವುದಿಲ್ಲ ಎಂಬ ಹೆಂಗಸರ ಆಣೆಯೇ ಹೆಸರಾಗಿದೆ. ಅದಕ್ಕಿಂತ ದೊಡ್ಡ ಕೆಲಸ ಮಾಡುವವರು ಮುದುಕಿಯರು. ಅಕ್ರೊಪೊಲಿಸ್ ಗುಡ್ಡ ಹಿಡಿದು ಅಲ್ಲಿಯ ಖಜಾನೆಯನ್ನು ವಶಕ್ಕೆ ತೆಗೆದುಕೊಳ್ಳುತ್ತಾರೆ. ದುಡ್ಡಿಲ್ಲದೆ ಯುದ್ಧ ಎಲ್ಲಿಂದ ನಡೆದೀತು? ಗದರಿಸಲು ಬಂದ ಅಧಿಕಾರಿಗೆ ಹೆಂಗಸರ ಮುಂದಾಳು ಲೈಸಿಸ್ಟ್ರಾಟಾ, ಉಣ್ಣೆ ತೊಳೆದು, ಮುಳ್ಳು ಆರಿಸಿ, ಹಿಂಜಿ, ನೂತು ಬಟ್ಟೆ ನೇಯುವಂತೆ ರಾಜ್ಯವನ್ನೂ ನಡೆಸಬೇಕು ಎಂದು ಬಿಡಿಸಿ ಹೇಳುತ್ತಾಳೆ. ನಮ್ಮ ಕಂಬಳಿ ನೇಯುವ ಮನೆಗಳ ಹೆಂಗಸರಿಗೆ ಈ ಮಾತು ಯಾರೂ ವಿವರಿಸಬೇಕಿಲ್ಲ. ಅಧಿಕಾರಿಯ ಬಳಿ ಮಾತ್ರ ಇದಕ್ಕೆ ಉತ್ತರವಿಲ್ಲ.

ಸುಮಾರು ಇಪ್ಪತ್ತು ವರ್ಷದ ನಂತರ ಬಂದ ಅವನ ಇನ್ನೊಂದು ನಾಟಕದಲ್ಲಿ ಪ್ರಾಕ್ಸಗೋರಾ ಮತ್ತು ಗೆಳತಿಯರು ಗಂಡಂದಿರ ಬಟ್ಟೆ ತೊಟ್ಟು, ಸುಳ್ಳು ಗಡ್ಡ ಅಂಟಿಸಿಕೊಂಡು, ನಸುಕಿನಲ್ಲೇ ಸಭೆಗೆ ಹೋಗಿ ಆಡಳಿತ ಹೆಂಗಸರಿಗೇ ಸೇರಲಿ ಎಂದು ಠರಾವು ಮಾಡಿಸುತ್ತಾರೆ. ನಮ್ಮ ರಾಜ್ಯದ ಪಂಚಾಯ್ತಿಗಳಲ್ಲಿ 1987ರ ಚುನಾವಣೆಯಿಂದ ಹೆಂಗಸರಿಗೆ ಶೇ 25 ಸ್ಥಾನ ಮೀಸಲಾಯಿತು, 2010ರ ತಿದ್ದುಪಡಿಯಿಂದ ಅರ್ಧ. ನಿಮ್ಮೂರಿನ ಸದಸ್ಯೆಗೆ ಗಡ್ಡ ಬೇಕಿಲ್ಲ. ಆದರೆ ಅವಳ ಕುರ್ಚಿಯಲ್ಲಿ ಗಂಡ ಕೂತು ಮಾತಾಡುವ ರೂಢಿ ಎಷ್ಟೋ ಕಡೆ ಇನ್ನೂ ಹೋಗಿಲ್ಲ, ಅದು ಹೋಗಲೇಬೇಕು.

ಗ್ರೀಕ್ ರಂಗದ ಬಗ್ಗೆ ನನ್ನ ತಕರಾರೂ ಇಂಥದ್ದೇ. ಲೈಸಿಸ್ಟ್ರಾಟಾಳ ಮಾತು ಆಡಿದವನು ಮುಖವಾಡ ತೊಟ್ಟ ಗಂಡಸು. ಅಷ್ಟು ಗಟ್ಟಿ ಮಾತನ್ನು ಒಬ್ಬ ಹೆಣ್ಣು ತನ್ನ ದನಿಯಲ್ಲಿ ಆಡುವಂತಿರಲಿಲ್ಲ.

ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಾರದ ತಂದ ಹೂವು ರುಕ್ಮಿಣಿಯ ಮುಡಿಗೆ ಸೇರಿದ್ದಕ್ಕೆ ಮುನಿದ ಸತ್ಯಭಾಮೆ, ದೇವರೆಂದು ಕೈಮುಗಿಯದೆ, ಗಂಡನೆಂದು ಕೃಷ್ಣನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ದೂತಿಯ ನಗೆಮಾತಿನ ನಡುವೆ ಜಗದೊಡೆಯ ರಮಿಸುತ್ತ ನಿಲ್ಲಬೇಕು. ಭಾಮೆಯ ಗರ್ವ ಇಳಿಸುವುದೇ ಕಥೆಯ ಹಂಚಿಕೆ, ನಿಜ. ಆದರೆ ಬೆಳಗಿನ ತನಕ ಜನ ಕೂರುವುದು ಅವಳ ಮಾತಿಗಾಗಿ. ಗಂಡಸರು ಸೀರೆ ಉಟ್ಟು ಆಡುತ್ತಿದ್ದ ಈ ಆಟಕ್ಕೆ ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಬಂದರು, ಮೇಳ ಕಟ್ಟಿದರು, ಊರೂರು ತಿರುಗಿದರು. ಪಾರಿಜಾತ ಎಂದರೆ ನಿಂಗಮ್ಮ ಎನ್ನುವಷ್ಟು ಹೆಸರು ಗಳಿಸಿದರು. ರಂಗದ ಮೇಲೆ ಹೆಣ್ಣಿನ ಮಾತು ಹೆಣ್ಣಿನದೇ ಆಯಿತು. ಅಥೆನ್ಸಿನ ಯಾವ ಹೆಣ್ಣಿಗೂ ಆ ಭಾಗ್ಯ ಇರಲಿಲ್ಲ.