ಜೀವಕೋಶದ ಓಲೆಕಾರ

ಪ್ರೋಟೀನು ಎಂದೊಡನೆ ಕಲಾವಿಭಾಗದ ನಮಗೆ ಬೇಳೆಯೋ ಮೊಟ್ಟೆಯೋ ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಜೀವಕೋಶದೊಳಗೆ ಆಪತ್ತಿನ ಸುದ್ದಿ ಮುಟ್ಟಿಸುವ ಪಿ-೩೮ ಎಂಬ ಪ್ರೋಟೀನಿನ ಸಂಗತಿ. ಅಣುತೂಕ ಸುಮಾರು ೩೮,೦೦೦ ಆದುದರಿಂದ ಈ ಹೆಸರು. ೧೯೯೪ರಲ್ಲಿ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಜಿಯಾಹುವಾಯ್ ಹಾನ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು.

ನೇರಳಾತೀತ ಕಿರಣ, ಅತಿಯಾದ ಉಪ್ಪು, ಬ್ಯಾಕ್ಟೀರಿಯದ ವಿಷ, ಇವುಗಳಲ್ಲಿ ಯಾವುದು ತಾಗಿದರೂ ಎಂಕೆಕೆ-೩, ಎಂಕೆಕೆ-೬ ಎಂಬ ಕೈನೇಸುಗಳು ಪಿ-೩೮ರ ೧೮೦ನೆಯ ಥ್ರಿಯೊನಿನ್, ೧೮೨ನೆಯ ಟೈರೊಸಿನ್‌ಗಳ ಮೇಲೆ ಫಾಸ್ಫೇಟಿನ ಮುದ್ರೆಯೊತ್ತುತ್ತವೆ. ಆಗ ಅದು ಎಚ್ಚೆತ್ತು ಇತರ ಪ್ರೋಟೀನುಗಳಿಗೆ ತಾನೂ ಮುದ್ರೆಯೊತ್ತತೊಡಗುತ್ತದೆ. (ಕಚೇರಿಯ ಕಡತದಂತೆಯೇ ಸರಿ, ವೇಗವೊಂದು ಬೇರೆ!) ಇದರಿಂದ ಉರಿಯೂತ ಹೊತ್ತಿಸುವ ಟಿಎನ್‌ಎಫ್ ಮುಂತಾದ ದ್ರವ್ಯಗಳು ಹೆಚ್ಚುತ್ತವೆ. ಸೋಂಕು ತಗುಲಿದಾಗ ಈ ಉರಿ ಬೇಕು. ರುಮಟಾಯಿಡ್ ಸಂಧಿವಾತದಲ್ಲಾದರೋ ಅದು ಆರದೆ ಕೀಲುಗಳನ್ನೇ ತಿನ್ನುತ್ತದೆ. ನಮ್ಮಜ್ಜಿಯ ಸೊಟ್ಟ ಬೆರಳುಗಳಲ್ಲಿ ನಾನು ಕಂಡುದು ಇದನ್ನೇ.

ಹಾಗಾದರೆ ಪಿ-೩೮ನ್ನು ತಡೆದರಾಯಿತಲ್ಲವೆ? ಔಷಧ ತಯಾರಕರೂ ಹೀಗೆಯೇ ಎಣಿಸಿದರು. ಪ್ರಾಣಿಗಳಲ್ಲಿ ಫಲ ಕಂಡಿತು. ಮನುಷ್ಯರಲ್ಲಿ ಮಾತ್ರ ರಕ್ತದಲ್ಲಿನ ಉರಿಯೂತದ ಗುರುತು ಕೆಲವು ವಾರ ಇಳಿದು ಮತ್ತೆ ಏರಿತು. ಕೆಲವರ ಯಕೃತ್ತಿಗೂ ಪೆಟ್ಟಾಯಿತು. ಹೃದಯಾಘಾತದ ರೋಗಿಗಳಿಗೆ ಕೊಟ್ಟ ಲಾಸ್ಮಾಪಿಮಾಡ್ ಎಂಬ ಮದ್ದೂ ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೋತಿತು. ನನಗೆ ಸೋಜಿಗವೆನಿಸಿದುದು ಇದರ ಒಳಗುಟ್ಟು: ಪಿ-೩೮ ತನ್ನ ಮೇಲಿನ ಟಾಕ್-೧ ಎಂಬ ಕೈನೇಸನ್ನು ಹಿಂದಿನಿಂದ ಅಂಕೆಯಲ್ಲಿಡುತ್ತದೆ. ಓಲೆಕಾರನ ಕೈ ಕಟ್ಟಿದರೆ ಆ ಅಂಕೆ ತಪ್ಪಿ, ಉರಿ ಬೇರೆ ದಾರಿಗಳಲ್ಲಿ ಹರಿಯಬಲ್ಲದು. ಅದಕ್ಕಾಗಿಯೇ ಕೆಲವು ಸಂಶೋಧಕರು ಪಿ-೩೮ನ್ನು ಅದರ ಪಾಡಿಗೆ ಬಿಟ್ಟು, ಅದರಿಂದ ಆಜ್ಞೆ ಪಡೆಯುವ ಎಂಕೆ-೨ ಒಂದನ್ನೇ ತಡೆಯುವ ದಾರಿ ಹಿಡಿದರು.